ಅಜ್ಜಿ ಹಾಡಿದ ಸೋಬಾನೆ ಪದ: ಅಡಾಸಿಟೀಲಿ ವಾಲ್ಯೂಮ್ ಏರುಪೇರು, ಫೇಡ್ ಸರಿ ಮಾಡೋದು ಹೆಂಗೆ?

ಹಿಪ್ಪುನೇರಳೆ_ತೋಟ (ಶಿಡ್ಲಘಟ್ಟ):

ಎಲ್ರಿಗೂ ನಮಸ್ಕಾರ. ನಮ್ಮಜ್ಜಿ ಸೋಬಾನೆ ಪದ, ರಾಗಿ ಬೀಸೋ ಪದ ಎಲ್ಲಾ ಹಾಡ್ತಾರೆ, ಕನ್ನಡದಲ್ಲೂ ಹಾಡ್ತಾರೆ ತೆಲುಗಲ್ಲೂ ಹಾಡ್ತಾರೆ, ನಮ್ ಕಡೆ ಎರಡೂ ಬೆರೆತೇ ಇರ್ತದೆ ಗೊತ್ತಲ್ಲ. ವಯಸ್ಸಾಗಿದೆ, ಈಗ್ಲೇ ಹಿಡಿದಿಟ್ಕೋಬೇಕು ಅಂತ ಮೊಬೈಲಲ್ಲೇ ರೆಕಾರ್ಡ್ ಮಾಡ್ತಾ ಬಂದಿದೀನಿ. ಒಂದು ಪದ ಆದ್ಮೇಲೆ ಇದು ಯಾವ ಶಾಸ್ತ್ರಕ್ಕೆ ಹಾಡೋದು, ಅರಿಶಿನ ಹಚ್ಚೋವಾಗ್ಲಾ ಹಸೆಗೆ ಕರೆಯೋವಾಗ್ಲಾ ಅಂತ ನಾನು ಕೇಳ್ತೀನಿ, ಅವ್ರು ಹೇಳ್ತಾರೆ. ಇದನ್ನೆಲ್ಲಾ ಒಂದಾಗಿ ಸೇರಿಸಿ ನೆಂಟರಿಗೆಲ್ಲಾ ಕಳಿಸ್ಬೇಕು ಅಂತ ಆಸೆ.

ಅಡಾಸಿಟೀಲಿ (ಕಂಪ್ಯೂಟರಲ್ಲಿ ಆಡಿಯೋ ತಿದ್ದೋ ಸಾಫ್ಟ್‌ವೇರು) ಹಾಕಿ ನೋಡಿದ್ರೆ, ಅಜ್ಜಿ ಸಾಲು ಶುರು ಮಾಡೋವಾಗ ಜೋರಾಗಿ ಎತ್ಕೋತಾರೆ ಸಾಲಿನ ಕೊನೆಗೆ ಬರ್ತಾ ಬರ್ತಾ ದನಿ ಕೆಳಗೆ ಹೋಗಿ ಮಾತೇ ಕೇಳ್ಸಲ್ಲ, ಮಧ್ಯ ನಾನು ಕೇಳೋ ಪ್ರಶ್ನೆ ಮಾತ್ರ ಫೋನ್ ಹತ್ರ ಇರೋದ್ರಿಂದ ಕಿವಿಗೆ ಹೊಡೆದಂಗೆ ಬರ್ತದೆ. ದನಿ ಏರ್ಸೋಣ ಅಂತ ಆಂಪ್ಲಿಫೈ ಹಾಕೋಕೆ ಹೋದ್ರೆ ಒಂದು ಡಿಬಿಗಿಂತ (ಡೆಸಿಬೆಲ್, ಸದ್ದಿನ ಅಳತೆ) ಜಾಸ್ತಿ ತಗೊಳ್ಳಲ್ಲ, ಓಕೆ ಬಟನ್ನೇ ಮಂಕಾಗೋಗ್ತದೆ.

ಇನ್ನೊಂದು ವಿಷ್ಯ. ಅಜ್ಜಿ ಕೂರೋದು ರೇಷ್ಮೆ ಹುಳದ ಮನೆ ಪಕ್ಕದ ಪಡಸಾಲೇಲಿ. ಮೊದಲ್ನೇ ರೆಕಾರ್ಡಿಂಗ್ ಮಾಡ್ದಾಗ ಹುಳ ನಾಲ್ಕನೇ ಜ್ವರಕ್ಕೆ (ಪೊರೆ ಬಿಡೋಕೆ ಮೇವು ನಿಲ್ಸಿ ಕೂರೋದು) ಕೂತಿತ್ತು, ಸದ್ದೇ ಇಲ್ಲ. ಆಮೇಲೆ ಮಾಡಿದ್ರಲ್ಲಿ ಜ್ವರ ಎದ್ದು ಸೊಪ್ಪು ಮೇಯ್ತಾ ಇದ್ವು, ಹಿಂದೆ ಮಳೆ ಹುಯ್ದಂಗೆ ಸರಸರ ಅಂತ ಇದೆ. ಎರಡನ್ನೂ ಅಂಟಿಸಿದ್ರೆ ಸೇರೋ ಜಾಗದಲ್ಲಿ ಟಕ್ ಅಂತದೆ, ಸಾಲದಕ್ಕೆ ಇದ್ದಕ್ಕಿದ್ದಂಗೆ ಹುಳದ ಸದ್ದು ಶುರುವಾಗ್ತದೆ. ದನಿ ಮೆಲ್ಲಗೆ ಏರ್ಸೋ ಫೇಡ್ ಇನ್, ಮೆಲ್ಲಗೆ ಇಳ್ಸೋ ಫೇಡ್ ಔಟ್ ಹಾಕಿದ್ರೆ ಪದ ಅರ್ಧಕ್ಕೆ ನುಂಗಿದಂಗೆ ಕೇಳ್ತದೆ. ಗೊತ್ತಿರೋರು ದಯವಿಟ್ಟು ಹೇಳ್ಕೊಡಿ.

ಮೈಕ್‌ಸೆಟ್_ತುಮಕೂರು:

ತಮ್ಮಾ ಬಾಳ ಒಳ್ಳೆ ಕೆಲ್ಸ ಮಾಡ್ತಿದೀಯ, ಬಿಡ್ಬೇಡ. ಮೊದ್ಲು ಆ ಆಂಪ್ಲಿಫೈ ಕತೆ ಹೇಳ್ತೀನಿ. ಆಂಪ್ಲಿಫೈ ಏನ್ ಮಾಡ್ತೈತೆ ಅಂದ್ರೆ ನೀನು ಸೆಲೆಕ್ಟ್ ಮಾಡಿರೋದ್ರಲ್ಲಿ ಎಲ್ಲಕ್ಕಿಂತ ಎತ್ತರದ ಒಂದೇ ಒಂದು ಪೀಕ್ (ಅಲೆಯ ತುದಿ) ಹುಡುಕ್ತೈತೆ, ಅದು 0 ಡಿಬಿ (ದನಿ ಒಡೆಯದೆ ಏರ್ಬೋದಾದ ಕೊನೇ ಮಟ್ಟ) ಮುಟ್ಟೋವರ್ಗೂ ಎಷ್ಟು ಜಾಗ ಐತೋ ಅಷ್ಟೇ ಏರ್ಸಕ್ಕೆ ಬಿಡ್ತೈತೆ. ನಿನ್ ಫೈಲಲ್ಲಿ ಎಲ್ಲೋ ಯಾರೋ ಕೈ ತಟ್ಟಿರ್ತಾರೆ ಇಲ್ಲಾ ಫೋನ್ ಕೆಳಗಿಟ್ಟಿರೋ ಸದ್ದಿರ್ತೈತೆ, ಆ ಒಂದು ಗೆರೆಯಿಂದ ಇಡೀ ಅಜ್ಜಿ ಹಾಡು ಮೇಲೇಳ್ತಿಲ್ಲ. ನಾರ್ಮಲೈಸೂ ಅಷ್ಟೇ, ಅದೂ ಪೀಕ್ ನೋಡೇ ಕೆಲ್ಸ ಮಾಡೋದು. ವ್ಯೂ ಮೆನುನಲ್ಲಿ ಕ್ಲಿಪ್ಪಿಂಗ್ ತೋರ್ಸೋದು ಆನ್ ಮಾಡ್ಕೊ, ದನಿ ಒಡೆದಿರೋ ಜಾಗ ಕೆಂಪು ಗೆರೆಯಾಗಿ ಕಾಣ್ತೈತೆ. ಆ ಚಪ್ಪಾಳೆ ಜಾಗ ಮಾತ್ರ ಸೆಲೆಕ್ಟ್ ಮಾಡಿ ಆಂಪ್ಲಿಫೈಗೆ ಮೈನಸ್ 10 ಕೊಡು, ಆಮೇಲೆ ನೋಡು ಉಳಿದಿದ್ದಕ್ಕೆ ಎಷ್ಟು ಜಾಗ ಸಿಗ್ತೈತೆ ಅಂತ. ಅಲೌ ಕ್ಲಿಪ್ಪಿಂಗ್ ಅಂತ ಟಿಕ್ ಮಾಡಿದ್ರೆ ಓಕೆ ಬಟನ್ ಬರ್ತೈತೆ ನಿಜ, ಆದ್ರೆ ಆ ದಾರಿ ಹಿಡೀಬೇಡ, ಎಕ್ಸ್‌ಪೋರ್ಟ್ ಮಾಡ್ದಾಗ ದನಿ ಒಡೀತೈತೆ.

ಲೆಕ್ಕ ಒಂದು ತಲೇಲಿಟ್ಕೊ. 6 ಡಿಬಿ ಏರ್ಸಿದ್ರೆ ಅಲೆಯ ಎತ್ತರ ಡಬಲ್ ಆಗ್ತೈತೆ, ಆದ್ರೆ ಕಿವಿಗೆ ಡಬಲ್ ಅನ್ಸಕ್ಕೆ ಹತ್ತಿರತ್ತಿರ 10 ಡಿಬಿ ಬೇಕು. ಹಂಗಾಗಿ ಸಾಲಿನ ಕೊನೆ ಕೇಳ್ತಿಲ್ಲ ಅಂದ್ರೆ ಒಂದೋ ಎರಡೋ ಡಿಬಿ ಕೊಟ್ರೆ ಗೊತ್ತೂ ಆಗಲ್ಲ, 4ರಿಂದ 6 ಕೊಟ್ಟು ನೋಡು.

ಈಗ ಅಜ್ಜಿ ಏರಿಳಿತಕ್ಕೆ ಎನ್ವಲಪ್ ಟೂಲ್ ತಗೋ, ಎಫ್2 ಒತ್ತಿದ್ರೆ ಬರ್ತೈತೆ. ಟ್ರ್ಯಾಕ್ ಮೇಲೆ ನೀಲಿ ಗೆರೆ ಕಾಣ್ತೈತೆ, ಅದ್ರ ಮೇಲೆ ಕ್ಲಿಕ್ ಮಾಡಿದ್ರೆ ಒಂದು ಚುಕ್ಕಿ ಕೂರ್ತೈತೆ, ಚುಕ್ಕಿ ಮೇಲಕ್ಕೆ ಎಳೆದ್ರೆ ದನಿ ಏರ್ತೈತೆ ಕೆಳಕ್ಕೆ ಎಳೆದ್ರೆ ಇಳೀತೈತೆ, ಬೇಡ ಅಂದ್ರೆ ಚುಕ್ಕೀನ ಟ್ರ್ಯಾಕಿಂದ ಆಚೆಗೆ ಎಳೆದಾಕು ಹೋಗ್ತೈತೆ. ಸಾಲಿನ ಮಧ್ಯದಲ್ಲಿ ಒಂದು ಚುಕ್ಕಿ, ಕೊನೇಲಿ ಒಂದು ಎತ್ತರದ ಚುಕ್ಕಿ, ಮುಂದಿನ ಸಾಲು ಶುರುವಾಗೋ ಮುಂಚೆ ಉಸಿರು ತಗೊಳ್ಳೋ ಜಾಗದಲ್ಲಿ ವಾಪಸ್ ಇಳಿಸೋ ಚುಕ್ಕಿ. ಮೂಲ ಆಡಿಯೋ ಏನೂ ಆಗಲ್ಲ, ಗೆರೆ ಮಾತ್ರ ಬದಲಾಗೋದು, ನಾಳೆ ಬೇರೆ ತರ ಬೇಕು ಅನ್ಸಿದ್ರೂ ತಿದ್ದಬಹುದು. ನಿನ್ನ ಪ್ರಶ್ನೆಗಳಿಗೆ ಇಷ್ಟೆಲ್ಲಾ ಬೇಡ, ಆ ತುಂಡು ಸೆಲೆಕ್ಟ್ ಮಾಡಿ ಕಂಟ್ರೋಲ್ ಐ ಒತ್ತಿ ಬೇರೆ ಮಾಡಿ ಆಂಪ್ಲಿಫೈನಲ್ಲಿ ಮೈನಸ್ ಕೊಟ್ಟು ಇಳ್ಸು ಸಾಕು.

ಕಥೆಮೇಷ್ಟ್ರು_ಕೋಲಾರ:

ನಾನು ಶಾಲೆ ಮಕ್ಕಳಿಗೆ ಕಥೆ ರೆಕಾರ್ಡ್ ಮಾಡಿ ಕೊಡೋಳು, ಫೇಡ್ ವಿಷ್ಯ ನಾನು ಹೇಳ್ತೀನಿ. ಟಕ್ ಅನ್ನೋದು ಯಾಕೆ ಬರುತ್ತೆ ಅಂದ್ರೆ ನೀವು ಕತ್ತರಿಸಿದ ಜಾಗದಲ್ಲಿ ಅಲೆ ಮೇಲೆಲ್ಲೋ ಇದೆ, ಮುಂದಿನ ತುಂಡು ಕೆಳಗೆಲ್ಲೋ ಶುರುವಾಗುತ್ತೆ, ಸ್ಪೀಕರ್ ಒಂದೇ ಕ್ಷಣದಲ್ಲಿ ಅಲ್ಲಿಂದ ಇಲ್ಲಿಗೆ ಜಿಗೀಬೇಕಾಗುತ್ತೆ, ಆ ಜಿಗಿತನೇ ನಮಗೆ ಟಕ್ ಅಂತ ಕೇಳೋದು. ಕತ್ತರಿಸೋ ಮುಂಚೆ ಸೆಲೆಕ್ಟ್ ಮಾಡ್ಕೊಂಡು ಝಡ್ ಒತ್ತಿ, ಸೆಲೆಕ್ಷನ್ ಅಂಚು ಹತ್ತಿರದ ಸೊನ್ನೆ ಗೆರೆಗೆ ಹೋಗಿ ಕೂರುತ್ತೆ. ಆಗ್ಲೂ ಉಳಿದ್ರೆ ಸೇರೋ ಜಾಗದ ಎರಡೂ ಕಡೆ 5ರಿಂದ 10 ಮಿಲಿಸೆಕೆಂಡ್ ಫೇಡ್ ಹಾಕಿ, ಇಷ್ಟು ಸಣ್ಣ ಫೇಡ್ ಯಾರಿಗೂ ಫೇಡ್ ಅಂತ ಗೊತ್ತಾಗಲ್ಲ ಆದ್ರೆ ಟಕ್ ಹೋಗುತ್ತೆ.

ಪದ ನುಂಗಿದಂಗೆ ಕೇಳ್ತಿದೆ ಅಂದ್ರಲ್ಲ, ನೀವು ಫೇಡ್‌ನ ಹಾಡಿನ ಮೇಲೆ ಎಳೀತಾ ಇದೀರ ಅನ್ಸುತ್ತೆ. ಫೇಡ್ ಔಟ್ ಯಾವಾಗ್ಲೂ ಕೊನೇ ಅಕ್ಷರ ಪೂರ್ತಿ ಮುಗಿದ್ಮೇಲೆ ಶುರುವಾಗ್ಬೇಕು. ಅಜ್ಜಿ ಸೋಬಾನೇ ಅಂತ ಎಳೆದು ಬಿಡ್ತಾರಲ್ಲ, ಆ ಎಳೆತ ಪೂರ್ತಿ ಅವರದ್ದೇ, ಅದನ್ನ ನಾವು ಇಳಿಸೋದಲ್ಲ. ಅದು ನಿಂತ್ಮೇಲೆ ಉಳಿಯೋ ಪಡಸಾಲೆ ಸದ್ದಿನ ಮೇಲೆ ಎರಡು ಮೂರು ಸೆಕೆಂಡ್ ಫೇಡ್ ಹಾಕಿ. ಅದಕ್ಕೇ ರೆಕಾರ್ಡ್ ಮಾಡೋವಾಗ ಪದ ಮುಗಿದ ತಕ್ಷಣ ಸ್ಟಾಪ್ ಒತ್ತಬೇಡಿ, ಸ್ವಲ್ಪ ಹೊತ್ತು ಹಂಗೇ ಓಡ್ಲಿ.

ಮಾಮೂಲಿ ಫೇಡ್ ಔಟ್ ನೇರ ಗೆರೇಲಿ ಇಳಿಯುತ್ತೆ. ಸ್ಟುಡಿಯೋ ಫೇಡ್ ಔಟ್ ಅಂತ ಇನ್ನೊಂದಿದೆ, ಅದು ನಿಧಾನಕ್ಕೆ ಶುರುವಾಗಿ ನಿಧಾನಕ್ಕೆ ಮುಗಿಯುತ್ತೆ, ಇಳೀತಾ ಇಳೀತಾ ಚೂಪು ಸದ್ದನ್ನೂ ಸೋಸುತ್ತೆ, ದೂರ ಹೋದಂಗೆ ಅನ್ಸುತ್ತೆ. ಎಲ್ಲಾ ಮುಗಿಯೋ ಕಡೆ ಅದು ಚೆನ್ನಾಗಿರುತ್ತೆ, ಪದ ಪದದ ಮಧ್ಯ ಬೇಡ.

ಎರಡು ರೆಕಾರ್ಡಿಂಗ್ ಸೇರಿಸೋಕೆ ಒಂದೇ ಟ್ರ್ಯಾಕಲ್ಲಿ ಅಂಟಿಸ್ಬೇಡಿ. ಮೇಲೊಂದು ಕೆಳಗೊಂದು ಟ್ರ್ಯಾಕಲ್ಲಿ ಇಟ್ಟು ಒಂದರ ಬಾಲ ಇನ್ನೊಂದರ ತಲೆ ಮೇಲೆ ಬರೋ ಹಂಗೆ ಸರಿಸಿ, ಆ ಜಾಗ ಎರಡು ಟ್ರ್ಯಾಕಲ್ಲೂ ಸೆಲೆಕ್ಟ್ ಮಾಡಿ ಕ್ರಾಸ್‌ಫೇಡ್ ಟ್ರ್ಯಾಕ್ಸ್ ಹಾಕಿ, ಒಂದು ಇಳೀತಾ ಇನ್ನೊಂದು ಏರುತ್ತೆ. ಅದ್ರಲ್ಲಿ ಕಾನ್‌ಸ್ಟಂಟ್ ಗೇನ್, ಕಾನ್‌ಸ್ಟಂಟ್ ಪವರ್ ಅಂತ ಆಯ್ಕೆ ಇರುತ್ತೆ. ನಿಮ್ಮದು ಎರಡೂ ಬೇರೆ ಬೇರೆ ಹೊತ್ತಿನ ಸದ್ದು, ಒಂದಕ್ಕೊಂದು ಹೊಂದಲ್ಲ, ಇಂಥದ್ದಕ್ಕೆ ಗೇನ್ ಹಾಕಿದ್ರೆ ನಟ್ಟನಡುವೆ ಸುಮಾರು 3 ಡಿಬಿ ಹಳ್ಳ ಬೀಳುತ್ತೆ, ಪವರ್ ಹಾಕಿ.

ಹಿಪ್ಪುನೇರಳೆ_ತೋಟ (ಶಿಡ್ಲಘಟ್ಟ):

ಅಣ್ಣಾ, ಮೇಡಂ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಚಪ್ಪಾಳೆ ಅಲ್ಲ, ನಮ್ಮತ್ತೆ ಲೋಟ ಇಟ್ಟಿರೋ ಸದ್ದು, ಅದನ್ನ ಇಳಿಸಿದ ತಕ್ಷಣ ಮಿಕ್ಕಿದ್ದಕ್ಕೆ 9 ಡಿಬಿ ಜಾಗ ಸಿಕ್ತು. ಟಕ್ ಕೂಡ ಹೋಯ್ತು. ಇನ್ನೆರಡು ಕೇಳ್ತೀನಿ. ಹುಳದ ಸದ್ದನ್ನ ನಾಯ್ಸ್ ರಿಡಕ್ಷನ್ ಹಾಕಿ ಪೂರ್ತಿ ತೆಗೆದ್ಬಿಡ್ಲಾ? ಆಮೇಲೆ ಎಲ್ಲಾ ಸಾಲಿಗೂ ಚುಕ್ಕಿ ಇಡೋ ಬದಲು ಜೋರು ದನೀನ ತಾನೇ ಒತ್ತಿ ಇಳ್ಸೋ ಕಂಪ್ರೆಸರ್ ಹಾಕಿದ್ರೆ ಒಂದೇ ಸಲಕ್ಕೆ ಸಮ ಆಗ್ತದೆ ಅಂತ ವಿಡಿಯೋದಲ್ಲಿ ನೋಡ್ದೆ, ಮಾಡ್ಬೋದಾ?

ಮುಖವೀಣೆ (ತಿಪಟೂರು):

ತೆಗೀಬೇಡಿ! ದಯವಿಟ್ಟು ಹುಳದ ಸದ್ದು ತೆಗೀಬೇಡಿ. ನಾನು ನಮ್ ಕಡೆ ಮೂಡಲಪಾಯ ಯಕ್ಷಗಾನದ ಆಟಗಳನ್ನ ರೆಕಾರ್ಡ್ ಮಾಡಿ ಇಡ್ತೀನಿ, ಅದ್ರಲ್ಲಿ ಜನದ ಗದ್ದಲ, ಮಕ್ಕಳ ಅಳು ಎಲ್ಲಾ ಇರ್ತೈತೆ, ಅದೆಲ್ಲಾ ಸೋಸಿದ್ರೆ ಆಟ ಎಲ್ಲಿ ನಡೀತು ಅನ್ನೋದೇ ಹೋಗ್ಬಿಡ್ತೈತೆ. ಶಿಡ್ಲಘಟ್ಟದ ಮನೇಲಿ ಹಾಡಿದ ಪದದ ಹಿಂದೆ ಹುಳ ಮೇಯೋ ಸದ್ದಿದ್ರೆ ಅದು ಆ ಪದದ ಊರು, ಮುಂದೆ ನಿಮ್ ಮಕ್ಕಳು ಕೇಳೋವಾಗ ಅದೂ ಬೇಕಾಗ್ತೈತೆ.

ಕೆಲಸದ ದೃಷ್ಟೀಲೂ ಅದು ಹೋಗಲ್ಲ. ನಾಯ್ಸ್ ರಿಡಕ್ಷನ್ ಅನ್ನೋದು ಒಂದೇ ಸಮ ಬರೋ ಸದ್ದಿಗೆ, ಫ್ಯಾನು, ಫ್ರಿಜ್ಜು, ಕರೆಂಟಿನ ಗುಂಯ್ ಅನ್ನೋದಕ್ಕೆ. ಸದ್ದು ಮಾತ್ರ ಇರೋ ತುಂಡಿಂದ ಪ್ರೊಫೈಲ್ ತಗೊಂಡು ಅದೇ ತರದ್ದನ್ನ ಎಲ್ಲಾ ಕಡೆ ಕಮ್ಮಿ ಮಾಡ್ತೈತೆ. ಹುಳ ಮೇಯೋದು ಕ್ಷಣಕ್ಕೊಂದು ತರ ಚಟಪಟ ಬದಲಾಗೋ ಸದ್ದು, ಅದನ್ನ ಜಾಸ್ತಿ ಒತ್ತಿ ತೆಗೆಯೋಕೆ ಹೋದ್ರೆ ಅಜ್ಜಿ ದನಿ ನೀರೊಳಗಿಂದ ಬಂದಂಗಾಗ್ತೈತೆ. ಬೇಕೇಬೇಕು ಅಂದ್ರೆ 6 ಡಿಬಿ ಮಾತ್ರ ಕೊಡಿ, ಅದೂ ವಾಲ್ಯೂಮ್ ಏರ್ಸೋ ಮುಂಚೇನೇ ಮಾಡಿ. ಫೋನ್ ಹಿಡಿದಾಡಿಸಿದ ದಬದಬ ಇದ್ರೆ ಕೆಳಗಿನ ದಪ್ಪ ಸದ್ದು ಸೋಸೋ ಹೈ ಪಾಸ್ ಫಿಲ್ಟರ್ 80 ಹರ್ಟ್ಜ್‌ಗೆ ಹಾಕಿ, ಅಜ್ಜಿ ದನಿಗೆ ಏನೂ ಆಗಲ್ಲ.

ಸೇರೋ ಜಾಗದ್ದು ಹಿಂಗ್ ಮಾಡಿ. ಮುಂದಿನ ಸಲ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕಿದ್ಮೇಲೆ ಅದೇ ಪಡಸಾಲೇಲಿ, ಅದೇ ಜಾಗದಲ್ಲಿ ಫೋನಿಟ್ಟು ಯಾರೂ ಮಾತಾಡದೆ ಬರೀ ಹುಳದ ಸದ್ದು ಐದು ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ. ಅದನ್ನ ಬೇರೆ ಟ್ರ್ಯಾಕಲ್ಲಿ ಇಟ್ಟು ಸದ್ದಿಲ್ಲದ ರೆಕಾರ್ಡಿಂಗಿನ ಕೊನೇ ಭಾಗದ ಕೆಳಗೆ ಹತ್ತು ಹದಿನೈದು ಸೆಕೆಂಡ್ ಉದ್ದದ ಫೇಡ್ ಇನ್ ಹಾಕಿ ಮೆಲ್ಲಗೆ ಏರ್ಸಿ. ಎರಡನೇ ರೆಕಾರ್ಡಿಂಗ್ ಶುರುವಾಗೋ ಹೊತ್ತಿಗೆ ಕಿವಿ ಆ ಸದ್ದಿಗೆ ಒಗ್ಗಿರ್ತೈತೆ, ಎಲ್ಲಿ ಸೇರ್ತು ಅಂತ ಹುಡುಕಿದ್ರೂ ಸಿಗಲ್ಲ.

ಕಂಪ್ರೆಸರ್ ಬಗ್ಗೆ ನಂದು ಹಾಕ್ಬೋದು ಅಂತ, ಆದ್ರೆ ಚುಕ್ಕಿ ಇಟ್ಟು ಕೈಯಲ್ಲಿ ಸರಿ ಮಾಡಿದ್ಮೇಲೆ, ಅನುಪಾತ (ಜೋರು ದನೀನ ಎಷ್ಟು ಒತ್ತಬೇಕು ಅನ್ನೋ ಲೆಕ್ಕ) 2ಕ್ಕೆ 1 ದಾಟದಂಗೆ. ಅಡಾಸಿಟಿ 3.6ರಿಂದ ಕಂಪ್ರೆಸರ್ ಹೊಸದಾಗಿ ಬಂದೈತೆ, ಎಷ್ಟು ಒತ್ತುತಾ ಐತೆ ಅಂತ ಗ್ರಾಫಲ್ಲೇ ಕಾಣ್ತೈತೆ, 3ರಿಂದ 4 ಡಿಬಿಗಿಂತ ಜಾಸ್ತಿ ಒತ್ತೋಕೆ ಬಿಡ್ಬೇಡಿ.

ಕಥೆಮೇಷ್ಟ್ರು_ಕೋಲಾರ:

ಕಂಪ್ರೆಸರ್ ವಿಷ್ಯದಲ್ಲಿ ನಾನು ಒಪ್ಪಲ್ಲ ಸರ್. ಓದೋ ಕಥೆಗೆ, ಭಾಷಣಕ್ಕೆ ಸರಿ. ಹಿಂದೆ ಹುಳದ ಸದ್ದಿರೋ ರೆಕಾರ್ಡಿಂಗ್‌ಗೆ ಹಾಕಿ ಮೇಕಪ್ ಗೇನ್ (ಒತ್ತಿದ್ಮೇಲೆ ಒಟ್ಟು ದನಿ ಮತ್ತೆ ಏರಿಸೋದು) ಕೊಟ್ರೆ ಅಜ್ಜಿ ಹಾಡೋವಾಗ ಸದ್ದು ಕೆಳಗಿರುತ್ತೆ, ಅವ್ರು ಉಸಿರು ತಗೊಳ್ಳೋಕೆ ನಿಲ್ಲಿಸಿದ ಕೂಡ್ಲೇ ಹುಳದ ಸದ್ದು ಮೇಲೇಳುತ್ತೆ, ಸಾಲು ಸಾಲಿಗೂ ಹಿಂಗೇ ಏರೋದು ಇಳಿಯೋದು. ಕೇಳೋರಿಗೆ ಸುಸ್ತಾಗುತ್ತೆ. ಜೊತೆಗೆ ಸೋಬಾನೆ ಹಾಡೋದು ಗುಂಪಲ್ಲಿ, ಒಬ್ರು ಎತ್ಕೊಡ್ತಾರೆ ಮಿಕ್ಕೋರು ಹಿಡ್ಕೋತಾರೆ, ಅದಕ್ಕೇ ಸಾಲಿನ ಮೊದಲು ಜೋರು, ಕೊನೆಗೆ ದನಿ ಬಿಡೋದು. ಒಬ್ರೇ ಕೂತು ಹಾಡೋವಾಗ್ಲೂ ಅಜ್ಜಿಗೆ ಅದೇ ರೂಢಿ ಬಂದಿರುತ್ತೆ. ಸಾಲಿನ ಕೊನೆ ಮಾತು ಅರ್ಥ ಆಗೋವಷ್ಟು ಏರಿಸಿ, ಮೊದಲಿನಷ್ಟೇ ಜೋರು ಮಾಡ್ಬೇಡಿ. ಚುಕ್ಕಿ ಇಡೋದು ಬೇಜಾರಿನ ಕೆಲಸ ನಿಜ, ಆದ್ರೆ ಎಲ್ಲಿ ಎಷ್ಟು ಬೇಕು ಅಂತ ಅದನ್ನ ಕೇಳಿ ಬೆಳೆದ ನಿಮಗೆ ಗೊತ್ತಿರುತ್ತೆ, ಕಂಪ್ರೆಸರ್‌ಗೆ ಗೊತ್ತಿರಲ್ಲ.

ಮುಖವೀಣೆ (ತಿಪಟೂರು):

ಉಸಿರಿನ ಜಾಗದ್ದು ಮೇಡಂ ಹೇಳಿದ್ದು ಸರಿ, ಹುಳದ ಸದ್ದಿರೋ ರೆಕಾರ್ಡಿಂಗ್‌ಗೆ ಬೇಡ ಬಿಡಿ. ಸದ್ದಿಲ್ಲದ ಮೊದಲನೇದಕ್ಕೆ ಮಾತ್ರ ಹಾಕಿ ನೋಡಿ, ಇಷ್ಟ ಆಗ್ಲಿಲ್ಲ ಅಂದ್ರೆ ಕಂಟ್ರೋಲ್ ಝಡ್.

ಹಿಪ್ಪುನೇರಳೆ_ತೋಟ (ಶಿಡ್ಲಘಟ್ಟ):

ಗುಂಪಲ್ಲಿ ಹಾಡೋ ರೂಢಿ ಅನ್ನೋದು ಹೊಳ್ದೇ ಇರ್ಲಿಲ್ಲ ಮೇಡಂ, ಅಜ್ಜೀನ ಕೇಳ್ದೆ, ಹೌದು ನನ್ ಜೊತೆಗಾತೀರು ಹಿಡ್ಕೊಳ್ಳೋ ಜಾಗ ಅದು ಅಂದ್ರು. ಹಂಗಾದ್ರೆ ಕೈಯಲ್ಲೇ ಚುಕ್ಕಿ ಇಡ್ತೀನಿ, ಹುಳದ ಸದ್ದೂ ಇರ್ಲಿ. ಕೊನೇದಾಗಿ ಒಂದು, ಎಲ್ಲಾ ಮುಗಿದ್ಮೇಲೆ ಒಟ್ಟು ವಾಲ್ಯೂಮ್ ಎಷ್ಟಕ್ಕಿಡ್ಬೇಕು? ನೆಂಟರೆಲ್ಲಾ ಫೋನಲ್ಲೇ ಕೇಳೋದು.

ಮೈಕ್‌ಸೆಟ್_ತುಮಕೂರು:

ಕೊನೇಲಿ ಲೌಡ್‌ನೆಸ್ ನಾರ್ಮಲೈಸೇಷನ್ ಹಾಕು. ಇದು ಪೀಕ್ ನೋಡಲ್ಲ, ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ಸುತ್ತೋ ಆ ಲೆಕ್ಕ ನೋಡ್ತೈತೆ, ಅಳತೆ ಎಲ್‌ಯುಎಫ್‌ಎಸ್. ಅದ್ರಲ್ಲಿ ಮೊದ್ಲೇ ಇರೋದು ಮೈನಸ್ 23, ಅದು ಯುರೋಪಿನ ಟೀವಿ ರೇಡಿಯೋದವ್ರು 2010ರಲ್ಲಿ ಮಾಡ್ಕೊಂಡ ಲೆಕ್ಕ, ಫೋನಿಗೆ ಬಾಳ ಮೆಲ್ಲಗಾಗ್ತೈತೆ. ಪಾಡ್‌ಕಾಸ್ಟ್ ಮಾಡೋರು ಮೈನಸ್ 16 ಇಡ್ತಾರೆ, ನೀನೂ ಅದೇ ಇಡು. ನಿಂದು ಒಂದೇ ಮೈಕಿಂದು, ಮೋನೋ (ಒಂದೇ ಚಾನೆಲ್) ಟ್ರ್ಯಾಕ್ ಸಾಕು, ಅದೇ ಕಿಟಕೀಲಿ ಮೋನೋನ ಡ್ಯುಯಲ್ ಮೋನೋ ತರ ನೋಡೋ ಟಿಕ್ ಇರ್ತೈತೆ, ಅದು ಆನ್ ಇರ್ಲಿ. ಅದಾದ್ಮೇಲೆ ಕೆಲವು ಪೀಕ್ 0 ದಾಟಿದ್ರೆ ಗಾಬರಿ ಬೇಡ, ಪ್ರಾಜೆಕ್ಟ್ 32 ಬಿಟ್ ಫ್ಲೋಟಲ್ಲಿದ್ರೆ ಒಳಗೆ ಏನೂ ಒಡೆಯಲ್ಲ, ಎಕ್ಸ್‌ಪೋರ್ಟ್ ಮುಂಚೆ ಪೀಕ್ ಒಂದು ಮಿತಿ ದಾಟದಂಗೆ ತಡೆಯೋ ಲಿಮಿಟರ್ ಮೈನಸ್ 1ಕ್ಕೆ ಹಾಕು, ಎಂಪಿ3 ಆಗೋವಾಗ ಪೀಕ್ ಸ್ವಲ್ಪ ಏರ್ತೈತೆ ಅದಕ್ಕೆ ಜಾಗ ಬೇಕು.

ಆಮೇಲೆ ಹೆಡ್‌ಫೋನಲ್ಲಿ ಒಂದ್ಸಲ, ಫೋನಿನ ಸ್ಪೀಕರಲ್ಲಿ ಅಡುಗೆಮನೇಲಿ ಇಟ್ಟು ಒಂದ್ಸಲ ಕೇಳು. ಸಾಲಿನ ಕೊನೆ ಮಾತು ಅಲ್ಲೂ ಅರ್ಥ ಆದ್ರೆ ಕಳಿಸು. ನೆಂಟರಿಗೆ ಎಂಪಿ3 ಕಳಿಸಿದ್ರೂ ಪರವಾಗಿಲ್ಲ, ಫೋನಿಂದ ತೆಗೆದ ಮೂಲ ಫೈಲು, ಪ್ರಾಜೆಕ್ಟ್ ಫೈಲು, ಜೊತೆಗೊಂದು ವೇವ್ ಫೈಲು ಎರಡು ಬೇರೆ ಬೇರೆ ಕಡೆ ಇಟ್ಕೊ, ಒಂದು ನಿನ್ ಹತ್ರ, ಇನ್ನೊಂದು ಬೇರೆ ಊರಲ್ಲಿರೋ ನೆಂಟರ ಹತ್ರ.