ಹಿತ್ತಲಿಗೆ ಸಿಮೆಂಟು ಹಾಕಿಸುವ ಮೊದಲು ವೈನಿಯವರಿಗೆ ಒಂದು ಮಾತು

ವೈನಿಯವರೇ, ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಮನೆತನದ ಗುಂಪಿನಲ್ಲಿ ನೀವು ಹಾಕಿದ ಹಿತ್ತಲಿನ ಫೋಟೊ ನೋಡಿದೆ. ಬೇವಿನ ಎಲೆ ರಾಶಿರಾಶಿಯಾಗಿ ಉದುರುತ್ತಿದೆ, ನೆಲ ಬಿರುಕು ಬಿಡುತ್ತಿದೆ, ನಿಂಬೆಯ ಎಲೆಯನ್ನು ಹುಳು ತಿನ್ನುತ್ತಿವೆ, ಕಲಬುರಗಿಯ ಬಿಸಿಲಿಗೆ ಇಲ್ಲಿ ಏನೂ ಬೆಳೆಯುವಂತಿಲ್ಲ, ಆದ್ದರಿಂದ ಯುಗಾದಿಗೆ ಮೊದಲೇ ಗೌಂಡಿಯನ್ನು ಕರೆಸಿ ಪೂರ್ತಿ ಸಿಮೆಂಟು ಹಾಕಿಸಿಬಿಡೋಣವೇ ಎಂದು ಕೇಳಿದ್ದೀರಿ. ಬರೆಯುತ್ತ ಕುಳಿತರೆ ಮುಗಿಯದ ಮಾತಾದ್ದರಿಂದ ಧ್ವನಿ ಸಂದೇಶವನ್ನೇ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ, ಕೈಗೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಮೆಂಟು ಬೇಡ, ಅದರ ಬದಲಿಗೆಂದು ಈಗಲೇ ಹೊಸ ಗಿಡ ತಂದು ನೆಡುವುದೂ ಬೇಡ. ನಮ್ಮ ಸೀಮೆಯಲ್ಲಿ ನೆಡುವ ಕಾಲ ಮಿರಗದ ಮಳೆಯೊಂದಿಗೆ ಜೂನ್ ತಿಂಗಳಲ್ಲಿ ಬರುತ್ತದೆ. ಫಾಲ್ಗುಣ, ಚೈತ್ರಗಳು ಇದ್ದ ಗಿಡವನ್ನು ಕಾಯ್ದುಕೊಂಡು, ಅದು ಏನು ಮಾಡುತ್ತದೆಂದು ಕಣ್ತುಂಬ ನೋಡುವ ತಿಂಗಳುಗಳು. ಗಾಡಿಯ ಮೇಲೆ ಗುಲಾಬಿ ಇಟ್ಟುಕೊಂಡು ಓಣಿಗೆ ಬರುವವನು ಮಾರ್ಚ್‌ನಲ್ಲೇ ಹೆಚ್ಚು ಮಾರುತ್ತಾನೆ ಎಂಬುದು ನಿಜ, ಆದರೆ ಮೇ ತಿಂಗಳಲ್ಲಿ ಆ ಗುಲಾಬಿಯನ್ನು ನೋಡಲು ಅವನು ಬರುವುದಿಲ್ಲ.

ಬೇವಿನ ಎಲೆ ಉದುರುವುದನ್ನು ಕಂಡು ಗಾಬರಿಯಾಗಬೇಡಿ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹಳೆಯ ಎಲೆಯನ್ನು ಕಳಚಿ, ಸ್ವಲ್ಪ ದಿನಗಳಲ್ಲೇ ತಾಮ್ರದ ಬಣ್ಣದ ಚಿಗುರು ಹೊಡೆಯುವುದು ಆ ಮರದ ರೂಢಿ. ಚಿಗುರು ಹಸಿರಾಗುವಷ್ಟರಲ್ಲಿ ಸಣ್ಣ ಬಿಳಿ ಹೂವಿನ ಗೊಂಚಲುಗಳು ಬರುತ್ತವೆ, ಮತ್ತು ಸಂಜೆ ಗಾಳಿ ತಣ್ಣಗಾದ ಮೇಲೆ ಅವುಗಳ ಕಂಪು ಹಿತ್ತಲನ್ನೆಲ್ಲ ತುಂಬಿಕೊಳ್ಳುತ್ತದೆ. ಯುಗಾದಿಯ ದಿನ ಹೊಸ ಗಡಿಗೆಯಲ್ಲಿ ಮಾವಿನಕಾಯಿ, ಬೆಲ್ಲ, ಪುಟಾಣಿ ಹಿಟ್ಟು ಕಲಸಿ ಬೇವು ಎಂಬ ಪಾನಕ ಮಾಡುವಾಗ ನೀವು ಹೂವಿಗಾಗಿ ಪೇಟೆಗೆ ಹೋಗಬೇಕಾಗಿಲ್ಲ. ಮರದ ಕೆಳಗೆ ಹಳೆಯ ಧೋತರ ಹಾಸಿ ಟೊಂಗೆ ಅಲುಗಿಸಿದರೆ ಸಾಕು. ನೀರಿಲ್ಲದ ದಿನಗಳಲ್ಲಿ ಹೂ ಬಿಡುವುದು ವಿಚಿತ್ರವೆನಿಸಬಹುದು, ಆದರೆ ಅದರ ಹಿಂದೆ ಲೆಕ್ಕವಿದೆ. ಬೇವಿನ ಬೀಜಕ್ಕೆ ಮೊಳೆಯುವ ಶಕ್ತಿ ಕೆಲವೇ ವಾರ ಇರುತ್ತದೆ. ಈಗ ಹೂ ಬಿಟ್ಟರೆ ಹಣ್ಣು ಜೂನ್, ಜುಲೈನಲ್ಲಿ ಮಾಗಿ ಹಸಿ ನೆಲಕ್ಕೆ ಬೀಳುತ್ತದೆ. ಚಿಂಚೋಳಿಯ ಕಾಡಿನಲ್ಲಿ ಹೋಳಿಯ ಹೊತ್ತಿಗೆ ಎಲೆಯಿಲ್ಲದ ಮುತ್ತುಗದ ಮರ ಕೆಂಪಗೆ ಉರಿಯುವುದೂ ಇದೇ ಲೆಕ್ಕದ ಮೇಲೆಯೇ. ಮರಗಳೇ ಮಳೆಯನ್ನು ನಂಬಿ ದಿನ ಗೊತ್ತುಮಾಡಿಕೊಂಡಿರುವಾಗ ನಾವು ಮಾರ್ಚ್‌ನಲ್ಲಿ ಗುದ್ದಲಿ ಹಿಡಿಯುವುದು ಅವಸರವೇ ಸರಿ.

ಇನ್ನು ಬಿರುಕಿನ ಮಾತು. ನಿಮ್ಮ ಹಿತ್ತಲಿನದು ಎರೆಮಣ್ಣು. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಬಾಯಿ ಬಿಡುವುದು ಅದರಲ್ಲಿರುವ ಜಿಗುಟಿನ ಗುಣ. ಬೀದರಿನ ಕೆಂಪು ಮಣ್ಣಿಗೆ ಈ ತೊಂದರೆ ಇಷ್ಟಿಲ್ಲ. ಅಲ್ಲಿನ ನಮ್ಮ ಅತ್ತೆಯವರು ಕೊಡುವ ಸಲಹೆಗಳು ಇಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ. ಇಂಥ ಮಣ್ಣಿನ ಮೇಲೆ ನೇರವಾಗಿ ಸಿಮೆಂಟು ಹಾಕಿಸಿದರೆ ಅದು ಒಂದೆರಡು ಮಳೆಗಾಲದಲ್ಲಿ ಎದ್ದು ಸೀಳಬಹುದು. ಹಾಗಾಗದಿರಲು ಎರೆಯನ್ನು ಆಳಕ್ಕೆ ತೆಗೆಸಿ ಗರಸು ಮಣ್ಣು ತುಂಬಿಸಬೇಕು, ಆಗ ಬೇವಿನ ಬೇರಿಗೆ ಕೊಡಲಿ ಬೀಳುತ್ತದೆ. ಮೇಲಾಗಿ ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 42, 43 ಡಿಗ್ರಿ ಮುಟ್ಟುವಾಗ ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಆ ಬಿಸಿಯನ್ನು ನಿಮ್ಮ ಅಡುಗೆಮನೆಯ ಕಿಟಕಿಗೇ ಕಳಿಸುತ್ತದೆ.

ಬಿರುಕಿಗೆ ಮದ್ದು ನೀವು ಗುಡಿಸಿ ಸುಡುತ್ತಿರುವ ಎಲೆಯಲ್ಲೇ ಇದೆ. ಗಿಡದ ಬುಡದ ಸುತ್ತ ಮೂರು ನಾಲ್ಕು ಬೆರಳು ದಪ್ಪಕ್ಕೆ ಒಣಗಿದ ಬೇವಿನ ಎಲೆ ಹರಡಿ. ಕಾಂಡಕ್ಕೂ ಮನೆಯ ಗೋಡೆಗೂ ತಾಗಿಸಬೇಡಿ, ಒಂದು ಗೇಣು ಜಾಗ ಬಿಡಿ. ಬೇವಿನ ಎಲೆ ಸಾಲದಿದ್ದರೆ ತೊಗರಿ ಹೊಟ್ಟು ಇದೆ. ತೊಗರಿಯ ಕಣಜದಲ್ಲಿದ್ದುಕೊಂಡು ಹೊದಿಕೆಗೆ ಪೇಟೆಯಿಂದ ತೆಂಗಿನ ನಾರಿನ ಪುಡಿ ತರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹೊದಿಕೆ ಇದ್ದಲ್ಲಿ ತೇವ ಬೇಗ ಆರುವುದಿಲ್ಲ, ಬಿರುಕು ಬಿಟ್ಟು ಸಣ್ಣ ಬೇರುಗಳು ಹರಿಯುವುದೂ ಕಡಿಮೆಯಾಗುತ್ತದೆ. ನೀರನ್ನು ದಿನವೂ ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ ಸಂಜೆ ಆಳಕ್ಕೆ ಇಳಿಯುವಂತೆ ಬಿಡುವುದು ಮೇಲು. ಕುಂಬಾರರಲ್ಲಿ ಸಿಗುವ ಸಣ್ಣ ಗಡಿಗೆಯೊಂದನ್ನು ನಿಂಬೆಯ ಹತ್ತಿರ ಕಂಠದವರೆಗೆ ಹೂತು, ನೀರು ತುಂಬಿಸಿ, ಮೇಲೆ ಮುಚ್ಚಳವಿಟ್ಟರೆ ಅದು ತಾನಾಗಿಯೇ ಸ್ವಲ್ಪಸ್ವಲ್ಪ ಜಿನುಗುತ್ತದೆ. ನೀರಿನ ಫಿಲ್ಟರಿನಿಂದ ಹೊರಬೀಳುವ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಅದನ್ನು ಗಿಡಕ್ಕೆ ಹಾಕಬೇಡಿ. ಅಕ್ಕಿ ಬೇಳೆ ತೊಳೆದ ನೀರು ಹಾಕಬಹುದು.

ನಿಂಬೆಯ ವಿಷಯಕ್ಕೆ ಬರುತ್ತೇನೆ. ಫೋಟೊದಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿರುವಂತೆ ಕಂಡಿತು. ನಮ್ಮ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅದರ ಜೊತೆ 1 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಮುಂದಿನ ಚಿಗುರು ಹಸಿರಾಗುತ್ತದೆ. ಅನ್ನಭೇದಿಯನ್ನು ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿ. ಶಹಾಬಾದಿ ಕಲ್ಲಿನ ಮೇಲೆ ಚೆಲ್ಲಿದರೆ ಕೆಂಪು ಕಲೆ ಹೋಗುವುದಿಲ್ಲ, ಅಷ್ಟು ಜೋಪಾನ.

ಎಲೆ ತಿನ್ನುವ ಹುಳುವನ್ನು ಮಾತ್ರ ದಯವಿಟ್ಟು ಸಾಯಿಸಬೇಡಿ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿದ್ದು, ಬೆಳೆದ ಮೇಲೆ ಎಲೆಯ ಹಸಿರಿಗೇ ತಿರುಗುವ ಅದು ನಿಂಬೆ ಚಿಟ್ಟೆಯ ಮರಿ. ಮೊಮ್ಮಗಳಿಗೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಲು ಹೇಳಿ; ತಲೆಯ ಹಿಂದಿನಿಂದ ಕೆಂಪು ಛಾಯೆಯ ಕವಲುಗೊಂಬನ್ನು ಚಾಚಿ ಘಾಟು ವಾಸನೆ ಬಿಡುತ್ತದೆ, ಇರುವೆ ಹತ್ತಿರ ಬರದಿರಲು ಅದು ಹೂಡುವ ಆಟ. ಬಲಿತ ನಿಂಬೆ ಗಿಡ ಒಂದಿಷ್ಟು ಎಲೆ ಕಳೆದುಕೊಂಡರೆ ಏನೂ ಆಗುವುದಿಲ್ಲ. ಗಿಡ ತೀರ ಚಿಕ್ಕದಾಗಿದ್ದರೆ ಹುಳುವನ್ನು ಎತ್ತಿ ಕರಿಬೇವಿನ ಮೇಲೆ ಬಿಡಿ, ಅದನ್ನೂ ಅದು ತಿನ್ನುತ್ತದೆ. ಔಷಧ ಹೊಡೆದರೆ ಹುಳುವಿನ ಜೊತೆಗೆ ನುಗ್ಗೆಯ ಹೂವಿಗೆ ಬರುವ ಜೇನೂ ಹೋಗುತ್ತದೆ. ದಾಸವಾಳಕ್ಕೆ ದಿನವೂ ಬರುವ ಕಡುನೀಲಿ ಸೂರಕ್ಕಿ ಮರಿಗಳಿಗೆ ಹುಳುಹುಪ್ಪಟೆಯನ್ನೇ ಉಣಿಸುತ್ತದೆ. ಗಂಡಿಗೆ ಈಗ ಮೈತುಂಬ ಹೊಳಪು ಬಂದಿರುವ ದಿನಗಳು. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಜೇಡರ ಬಲೆ, ಕಸಕಡ್ಡಿ ಸೇರಿಸಿ ಹೆಣೆದ ಚೀಲದಂಥದ್ದು ಕಂಡರೆ ಕಸವೆಂದು ಕೀಳಬೇಡಿ, ಅದು ಅದರ ಗೂಡಿರಬಹುದು.

ದುಂಡುಮಲ್ಲಿಗೆಗೆ ಈ ವರ್ಷ ಈಗ ಕತ್ತರಿ ಹಾಕಬೇಡಿ, ಮೊಗ್ಗು ಬರುವ ಹೊತ್ತು. ಒಂದು ಸುತ್ತು ಹೂ ಮುಗಿದ ಮೇಲೆ ತುದಿ ಚಿವುಟಿದರೆ ಸಾಕು.

ಗೌಂಡಿ ಹೇಗೂ ಬರುವವನಿದ್ದರೆ ಇಷ್ಟು ಕೆಲಸ ಮಾಡಿಸಿ. ಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಉಸುಕಿನ ಮೇಲೆ ಶಹಾಬಾದಿ ಫರ್ಸಿ ಹಾಸಿಸಿ, ಸಂದಿಗೆ ಸಿಮೆಂಟು ತುಂಬಿಸಬೇಡಿ. ಬೇವಿನ ಸುತ್ತ ನಾಲ್ಕು ಅಡಿಯ ಒಳಗೆ ಏನನ್ನೂ ಹಾಕಗೊಡಬೇಡಿ. ಶರಣಬಸವೇಶ್ವರ ಜಾತ್ರೆಗೆ ನಾವು ಬರುವಾಗ ಎರಡು ಚೀಲ ತೊಗರಿ ಹೊಟ್ಟು ತರುತ್ತೇನೆ. ಅಣ್ಣನವರಿಗೆ ಹೇಳಿ ಒಂದು ಸಲಿಕೆ, ಎರಡು ಗಡಿಗೆ ತರಿಸಿಟ್ಟಿರಿ.