ಪದಚರ್ಚೆ: ವಿಡಿಯೋ 'ಕನ್ವರ್ಟ್ ಮಾಡು' ಎನ್ನುವುದಕ್ಕೆ ಎರಡು ಮಾತು ಬೇಕಾಗಿದೆ

ಗೆಳೆಯರೇ,

ಒಂದು ಬಗೆಯ ವಿಡಿಯೋ ಫೈಲನ್ನು ಇನ್ನೊಂದು ಬಗೆಗೆ ಬದಲಿಸುವುದಕ್ಕೆ ನೀವು ಏನು ಹೇಳುತ್ತೀರಿ? 'ಕನ್ವರ್ಟ್ ಮಾಡುವುದು' ಎಂಬ ಉತ್ತರ ತಕ್ಷಣ ಬರುತ್ತದೆ, ಗೊತ್ತು. ಅದು ಇಂಗ್ಲಿಷ್ ಪದ ಅಂತ ನನ್ನ ತಕರಾರಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕೆಲಸಗಳಿಗೆ ನಾವು ಆ ಒಂದೇ ಪದ ಬಳಸುತ್ತಿದ್ದೇವೆ. ತಕರಾರು ಅದಕ್ಕೆ.

ಈ ಪ್ರಶ್ನೆ ಯಾಕೆ ಎದ್ದಿತೆಂದರೆ, ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆ ಯಕ್ಷಗಾನ, ತಾಳಮದ್ದಳೆ, ಶಾಲಾ ವಾರ್ಷಿಕೋತ್ಸವಗಳನ್ನು ರೆಕಾರ್ಡ್ ಮಾಡುವ ಹುಡುಗರಿಗಾಗಿ ಎರಡು ಪುಟದ ಒಂದು ಸೂಚನೆ ಬರೆಯುತ್ತಿದ್ದೇನೆ. ಫೈಲನ್ನು ಹೇಗೆ ಕೊಟ್ಟರೆ ಎಡಿಟಿಂಗಿಗೆ ಸುಲಭ, ಕೆಲಸ ಮುಗಿದ ಮೇಲೆ ಹೇಗೆ ಕೊಟ್ಟರೆ ಮನೆಯ ಟಿವಿಯಲ್ಲಿ ಓಡುತ್ತದೆ, ಇಷ್ಟೇ ವಿಷಯ. ಕ್ಯಾಮೆರಾದವರೂ ಸ್ಟುಡಿಯೋದವರೂ ಒಟ್ಟಿಗೆ ಕೂತರೆ ಇಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಓಡಾಡುತ್ತವೆ. ತುಳುವಿನಲ್ಲಿ 'ಎಂಪಿ4 ಮಲ್ತ್ ಕೊರ್ಲೆ', ಮಲಯಾಳದಲ್ಲಿ 'ಎಂಪಿ4 ಆಕ್ಕಿತ್ತರುಮೋ', ಕನ್ನಡದಲ್ಲಿ 'ಎಂಪಿ4 ಮಾಡಿಕೊಡಿ'. ಮೂರರಲ್ಲೂ ಬರೀ 'ಮಾಡು'. ಹೇಗೆ ಮಾಡುವುದು ಎಂಬುದು ಯಾವುದರಲ್ಲೂ ಇಲ್ಲ.

ಮೊದಲ ಕೆಲಸ ನೋಡಿ. ಕ್ಯಾಮ್‌ಕಾರ್ಡರಿನಿಂದ ಎಂಟಿಎಸ್ ಎಂಬ ಬಾಲ ಇರುವ ಫೈಲು ಬರುತ್ತದೆ. ಸೋನಿ ಮತ್ತು ಪ್ಯಾನಸಾನಿಕ್ 2006ರಲ್ಲಿ ಒಟ್ಟಾಗಿ ತಂದ ಎವಿಸಿಎಚ್‌ಡಿ ಎಂಬ ಪದ್ಧತಿ ಅದು. ಒಳಗಿರುವ ಚಿತ್ರ ಎಚ್.264 ಎಂಬ, ಚಿತ್ರವನ್ನು ಒತ್ತಿ ಚಿಕ್ಕದಾಗಿಸುವ ವಿಧಾನದಲ್ಲಿದೆ. ಎಂಪಿ4 ಫೈಲುಗಳಲ್ಲೂ ಸಾಮಾನ್ಯವಾಗಿ ಇರುವುದು ಅದೇ ಎಚ್.264. ಅಂದಮೇಲೆ ಚಿತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಎಂಟಿಎಸ್‌ನಿಂದ ತೆಗೆದು ಎಂಪಿ4ಗೆ ಇಟ್ಟರೆ ಆಯಿತು. ಎಫ್‌ಎಫ್‌ಎಂಪೆಗ್‌ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ 'ಕಾಪಿ' ಎಂಬ ಆಯ್ಕೆ ಕೊಟ್ಟರೆ ಪೆನ್‌ಡ್ರೈವಿಗೆ ನಕಲು ಮಾಡಿದಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ. ಗುಣಮಟ್ಟ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ರೀಮಕ್ಸ್ ಎನ್ನುತ್ತಾರೆ.

ಎರಡನೆಯದು ಟ್ರಾನ್ಸ್‌ಕೋಡ್. ಚಿತ್ರವನ್ನು ಪೂರ್ತಿ ಬಿಚ್ಚಿ, ಒಂದೊಂದೇ ಫ್ರೇಮನ್ನು ಹೊರತೆಗೆದು, ಹೊಸ ಲೆಕ್ಕದಲ್ಲಿ ಮತ್ತೆ ಒತ್ತಿ ತುಂಬುವುದು. ಇಡೀ ರಾತ್ರಿಯ ಯಕ್ಷಗಾನದ ಆಟವಾದರೆ ಹಳೆ ಕಂಪ್ಯೂಟರ್ ಇಡೀ ದಿನ ಬಿಸಿಯಾಗಿ ಕೂರುತ್ತದೆ. ಹೀಗೆ ಮಾಡಿದಾಗಲೆಲ್ಲ ಸ್ವಲ್ಪ ವಿವರ ಹೋಗುತ್ತದೆ. ವಾಟ್ಸ್ಯಾಪಿನಲ್ಲಿ ಬಂದ ವಿಡಿಯೋದಲ್ಲಿ ಕಿರೀಟದ ಕುಸುರಿ ಅಂಟಂಟಾಗಿ ಕಾಣುವುದು ಇದಕ್ಕೇ. ಕೆಲವೊಮ್ಮೆ ಇದು ಬೇಕೇಬೇಕು, ಇಲ್ಲ ಎನ್ನುವುದಿಲ್ಲ. ಆದರೆ 'ಕನ್ವರ್ಟ್ ಮಾಡಿ ಕಳಿಸಿ' ಎಂದರೆ ಹುಡುಗರು ಯಾವುದೋ ಉಚಿತ ಆ್ಯಪ್ ಹಾಕಿ ಈ ಎರಡನೆಯದನ್ನೇ ಮಾಡಿ ಕಳಿಸುತ್ತಾರೆ. ಎಡಿಟಿಂಗಿಗೆ ಬರುವ ಮೊದಲೇ ಅರ್ಧ ಚೆಂದ ಹೋಗಿರುತ್ತದೆ.

ಇವೆರಡರ ನಡುವೆ ಒಂದು ಅರೆಬರೆ ಕೆಲಸವೂ ಇದೆ. ಎಂಟಿಎಸ್ ಫೈಲಿನ ಧ್ವನಿ ಹೆಚ್ಚಾಗಿ ಡಾಲ್ಬಿಯ ಎಸಿ3 ಎಂಬ ಧ್ವನಿ ಒತ್ತುವ ವಿಧಾನದಲ್ಲಿ ಇರುತ್ತದೆ. ಕೆಲವು ಫೋನುಗಳಲ್ಲಿ ಚಿತ್ರ ಓಡುತ್ತದೆ, ಧ್ವನಿ ಇಲ್ಲ. ಆಗ ಚಿತ್ರವನ್ನು ಹಾಗೇ ಇಟ್ಟು ಧ್ವನಿಯನ್ನು ಮಾತ್ರ ಎಎಸಿ ಎಂಬ ಇನ್ನೊಂದು ವಿಧಾನಕ್ಕೆ ಬದಲಿಸಿದರೆ ಸಾಕು. ಇದನ್ನು ಏನೆಂದು ಕರೆಯಬೇಕೋ ನನಗೆ ಹೊಳೆದಿಲ್ಲ.

ಈಗ ಕನ್ನಡಕ್ಕೆ ಬರೋಣ. 'ಪರಿವರ್ತನೆ' ಎಂಬುದು ಮೆನುಗಳಲ್ಲಿ ಈಗಾಗಲೇ ಇದೆ. ಅದು 'ಕನ್ವರ್ಟ್' ಎಂಬುದರ ಅಂಗಿ ಬದಲಿಸಿದ ರೂಪ ಅಷ್ಟೇ, ಅದೇ ಗೊಂದಲ ಅದರಲ್ಲೂ ಉಳಿದಿದೆ. 'ರೂಪಾಂತರ' ಎಂದರೆ ನಾಟಕದ ನೆನಪಾಗುತ್ತದೆ. ನನಗೆ ಸರಿ ಕಾಣುವ ದಾರಿ ಒಂದೇ: ಮೊದಲು ಕಂಟೇನರಿಗೆ, ಅಂದರೆ ಚಿತ್ರ ಧ್ವನಿಗಳನ್ನು ಒಟ್ಟಿಗೆ ಹಿಡಿದಿಡುವ ಎಂಪಿ4ನಂಥ ಹೊರಕವಚಕ್ಕೆ, ಒಂದು ಹೆಸರು ಹುಡುಕುವುದು, ಕ್ರಿಯಾಪದ ಅದರ ಹಿಂದೆ ತಾನೇ ಬರುತ್ತದೆ.

ಕಂಟೇನರ್ ಅಂತಲೇ ಬರೆದರೆ ಹೆದ್ದಾರಿಯ ಲಾರಿಯೇ ಕಣ್ಣಿಗೆ ಬರುತ್ತದೆ. 'ಧಾರಕ' ಪಠ್ಯಪುಸ್ತಕದ ಪದ. ನನ್ನ ಒಲವು 'ಪೆಟ್ಟಿಗೆ'ಯ ಕಡೆ. ಯಕ್ಷಗಾನ ಮೇಳದ ಪೆಟ್ಟಿಗೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಅದರೊಳಗೆ ಕಿರೀಟವೂ ಇರುತ್ತದೆ, ಭುಜಕೀರ್ತಿಯೂ ಇರುತ್ತದೆ, ಗೆಜ್ಜೆಯೂ ಇರುತ್ತದೆ. ಎಂಪಿ4, ಎಂಕೆವಿ, ಎವಿಐ, ಎಂಒವಿ ಎಲ್ಲ ಇದೇ ಬಗೆಯವು. ಒಳಗೆ ಒಂದು ಚಿತ್ರ, ಒಂದೋ ಎರಡೋ ಧ್ವನಿ, ಬೇಕಾದರೆ ಅಡಿಬರಹ, ಯಾವುದು ಯಾವ ಕ್ಷಣಕ್ಕೆ ಬರಬೇಕೆಂಬ ಲೆಕ್ಕ. ಹಾಗಾದರೆ ರೀಮಕ್ಸ್ ಎಂದರೆ 'ಪೆಟ್ಟಿಗೆ ಬದಲಿಸುವುದು'. ಒಳಗಿನ ಸಾಮಾನು ಅದೇ. ಇನ್ನೊಂದು ಲಾಭವೂ ಇದೆ. ಫೈಲಿನ ಹೆಸರಿನ ಕೊನೆಯಲ್ಲಿ ಎಂಕೆವಿ ಅಳಿಸಿ ಎಂಪಿ4 ಅಂತ ಬರೆದು 'ಕನ್ವರ್ಟ್ ಆಯ್ತು' ಎನ್ನುವವರು ಬೇಕಾದಷ್ಟು ಜನ. ಅವರಿಗೆ 'ನೀವು ಬದಲಿಸಿದ್ದು ಪೆಟ್ಟಿಗೆಯಲ್ಲ, ಮೇಲಿನ ಚೀಟಿ' ಎಂದರೆ ಒಂದೇ ಮಾತಿಗೆ ಅರ್ಥವಾಗುತ್ತದೆ.

ಟ್ರಾನ್ಸ್‌ಕೋಡಿಗೆ 'ಮರು ಅಡಕ' ಆಗಬಹುದಾ? ಕಾಂಪ್ಯಾಕ್ಟ್ ಡಿಸ್ಕಿಗೆ 'ಅಡಕ ಮುದ್ರಿಕೆ' ಎಂದು ಒಂದು ಕಾಲದಲ್ಲಿ ಬರೆಯುತ್ತಿದ್ದರು. ಆ ಪದ ಸಿಡಿಯ ಜೊತೆಗೇ ಮರೆಯಾಯಿತು, ಆದರೆ 'ಅಡಕ' ಒಳ್ಳೆಯ ಪದ. ಅಡಗಿಸಿ, ಒತ್ತಿ, ಜಾಗ ಉಳಿಸುವ ಅರ್ಥ ಅದರಲ್ಲಿದೆ. 'ಎಚ್.265ಗೆ ಮರು ಅಡಕ ಮಾಡಿ' ಎಂದರೆ ಕಿವಿಗೆ ಸ್ವಲ್ಪ ಹೊಸದು, ಆದರೂ ಸುಳ್ಳು ಹೇಳುವುದಿಲ್ಲ. ಕೋಡೆಕ್ (ಎಚ್.264, ಎಚ್.265ನಂಥ ಒತ್ತುವ, ಬಿಚ್ಚುವ ವಿಧಾನ) ಮಾತ್ರ ಕೋಡೆಕ್ ಆಗಿಯೇ ಇರಲಿ. 'ಸಂಕೇತಕ' ಅಂತೆಲ್ಲ ಬರೆದರೆ ಓದುವವನು ಮತ್ತೆ ಇಂಗ್ಲಿಷಿಗೆ ತಿರುಗಿಸಿಯೇ ಅರ್ಥ ಮಾಡಿಕೊಳ್ಳಬೇಕು.

ಇಲ್ಲೊಂದು ಅಪಾಯದ ಪದ ಇದೆ: ಫಾರ್ಮ್ಯಾಟ್. ನಾಮಪದವಾಗಿ ಅದು ಫೈಲಿನ ಬಗೆ. ಆದರೆ ಕನ್ನಡದಲ್ಲಿ 'ಫಾರ್ಮ್ಯಾಟ್ ಮಾಡು' ಎಂದ ಕೂಡಲೇ ಅದರ ಅರ್ಥ ಎಲ್ಲ ಅಳಿಸಿಬಿಡು ಅಂತ. 'ಈ ಕಾರ್ಡಿನಲ್ಲಿರುವುದನ್ನು ಟಿವಿ ಫಾರ್ಮ್ಯಾಟ್ ಮಾಡಿ ಕೊಡಿ' ಎಂದು ಯಾರಾದರೂ ಅಂಗಡಿಯಲ್ಲಿ ಕೊಟ್ಟು ಹೋದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಸೂಚನೆಯಲ್ಲಿ ಈ ಪದವನ್ನೇ ಕೈಬಿಟ್ಟಿದ್ದೇನೆ. 'ಬಗೆ' ಎಂದು ಬರೆದಿದ್ದೇನೆ, ಸಾಕಾಗುತ್ತದೆ.

'ಸೈಜ್' ಕೂಡ ಹೀಗೇ ಕಾಡುತ್ತದೆ. 'ಸೈಜ್ ಕಡಿಮೆ ಮಾಡಿ' ಎಂದರೆ 1920 x 1080 ಇದ್ದ ಚಿತ್ರವನ್ನು 1280 x 720 ಮಾಡಬೇಕೋ, ಇಲ್ಲ 4 ಜಿಬಿ ಇದ್ದದ್ದನ್ನು 1 ಜಿಬಿ ಮಾಡಬೇಕೋ? ಮೊದಲನೆಯದಕ್ಕೆ 'ಅಳತೆ', ಎರಡನೆಯದಕ್ಕೆ 'ತೂಕ' ಎಂದು ಬರೆದು ನೋಡಿದೆ. ಫೈಲು ಭಾರ ಇದೆ ಅಂತ ಜನ ಹೇಗೂ ಹೇಳುತ್ತಾರಲ್ಲ. ತೂಕ ಎಂದರೆ ಬಿಟ್‌ರೇಟಿನ, ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಹೋಗುವ ದತ್ತಾಂಶದ, ಲೆಕ್ಕವೂ ಸುಲಭ. ಸೆಕೆಂಡಿಗೆ 8 ಮೆಗಾಬಿಟ್ ಎಂದರೆ 1 ಮೆಗಾಬೈಟ್. ಗಂಟೆಗೆ 3.6 ಜಿಬಿ. 8 ಗಂಟೆಯ ಆಟಕ್ಕೆ ಸುಮಾರು 29 ಜಿಬಿ. ಅಳತೆ ಎಷ್ಟೇ ಇರಲಿ, ತೂಕ ನಿರ್ಧಾರವಾಗುವುದು ಈ ಗುಣಾಕಾರದಲ್ಲಿ. ಹಳೆಯ ವಿಸಿಡಿ ತಂದು 'ಎಚ್‌ಡಿ ಮಾಡಿಕೊಡಿ' ಎನ್ನುವವರಿಗೂ ಈ ಜೋಡಿ ಪದ ಉಪಯೋಗ. ವಿಸಿಡಿಯ ಅಳತೆ 352 x 288. ಅದನ್ನು ಹಿಗ್ಗಿಸಿದರೆ ಅಳತೆಯೂ ತೂಕವೂ ಜಾಸ್ತಿ ಆಗುತ್ತದೆ, ವೇಷದ ಮುಖ ಮಾತ್ರ ಅಷ್ಟೇ ಮಸುಕು.

ಫ್ರೇಮ್ ರೇಟಿಗೆ 'ಚೌಕಟ್ಟು ದರ' ಎಂದು ಕೆಲವು ಕಡೆ ಓದಿದ್ದೇನೆ. ದಯವಿಟ್ಟು ಬೇಡ. ಚೌಕಟ್ಟು ಎಂದರೆ ಚಿತ್ರದ ಸುತ್ತ ಇರುವ ಮರ, ದರ ಎಂದರೆ ರೇಟು. ಎರಡೂ ಸೇರಿದರೆ ಫೋಟೋಗೆ ಫ್ರೇಮ್ ಹಾಕಿಸುವ ಖರ್ಚು ಎಂದೇ ಕೇಳಿಸುತ್ತದೆ. 'ಸೆಕೆಂಡಿಗೆ 25 ಫ್ರೇಮು' ಎಂದು ಬಿಡಿಸಿ ಬರೆದರೆ ಪದವೇ ಬೇಕಾಗುವುದಿಲ್ಲ.

ಇದರಲ್ಲಿ ಒಂದು ನಿಜವಾದ ತೊಂದರೆ ಇದೆ, ಅದಕ್ಕೆ ಪದ ಬೇಕು. ಫೋನು ಸೆಕೆಂಡಿಗೆ 30 ಫ್ರೇಮು ಎಂದು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ ಅಥವಾ ತಾನು ಬಿಸಿಯಾದಾಗ 28ಕ್ಕೋ 24ಕ್ಕೋ ಇಳಿಯುತ್ತದೆ, ಮತ್ತೆ ಏರುತ್ತದೆ. ನೋಡುವಾಗ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಪ್ಲೇಯರು ಪೆಟ್ಟಿಗೆಯಲ್ಲಿರುವ ಸಮಯದ ಲೆಕ್ಕ ನೋಡಿಕೊಂಡು ಓಡಿಸುತ್ತದೆ. ಎಡಿಟಿಂಗಿಗೆ ಹಾಕಿದಾಗ ಫಜೀತಿ. ಹಲವು ಎಡಿಟರುಗಳು ಎಲ್ಲ ಫ್ರೇಮೂ ಸಮ ಅಂತರದಲ್ಲಿವೆ ಎಂದುಕೊಳ್ಳುತ್ತವೆ. ಆಟದ ಮೊದಲಲ್ಲಿ ಸರಿ ಇರುತ್ತದೆ, ಪ್ರಸಂಗ ಮುಂದೆ ಹೋದಂತೆ ಚೆಂಡೆಯ ಪೆಟ್ಟು ಒಂದು ಕಡೆ, ಕೋಲು ಬೀಳುವುದು ಇನ್ನೊಂದು ಕಡೆ. ಮಾತುಗಾರಿಕೆಯಲ್ಲಿ ಇದು ಅಷ್ಟು ತಿಳಿಯದು, ಚೆಂಡೆಯಲ್ಲಿ ಅಡಗಿಸಲು ಸಾಧ್ಯವಿಲ್ಲ. ಕೆಡೆನ್‌ಲೈವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಇಂಥ ಫೈಲು ಕಂಡರೆ ತಾನೇ ಎಚ್ಚರಿಸಿ, ಎಡಿಟಿಂಗಿಗೆ ಅನುಕೂಲವಾಗುವಂತೆ ಬದಲಿಸಲೇ ಎಂದು ಕೇಳುತ್ತದೆ. ಇಲ್ಲಿ ಮರು ಅಡಕ ಬಿಟ್ಟರೆ ಒಳ್ಳೆಯ ದಾರಿ ಇಲ್ಲ, ಮಾಡಿಯೇ ಬಿಡಬೇಕು. ಧ್ವನಿ ಹೀಗೆ ಜಾರುವುದಕ್ಕೆ 'ತಾಳ ತಪ್ಪಿದೆ' ಎನ್ನುವುದು ಇಲ್ಲಿ ಸಹಜ. ಆದರೆ ಬಯಲುಸೀಮೆಯವರಿಗೆ ಇದು ಮೇಳದವರ ಮೇಲೆ ದೂರು ಹಾಕಿದಂತೆ ಕೇಳಿಸಬಹುದೋ ಏನೋ. ಹಾಡುವವರು ತಾಳ ತಪ್ಪಿಲ್ಲ ಸ್ವಾಮಿ, ಫೋನು ತಪ್ಪಿದೆ!

ಎಡಿಟಿಂಗಿಗೆಂದು ಮಾಡಿಕೊಳ್ಳುವ ಹಗುರದ ನಕಲಿಗೆ, ಅಂದರೆ ಪ್ರಾಕ್ಸಿಗೆ, 'ಬದಲಿ ಫೈಲು'. ಶಾಲೆಯಲ್ಲಿ ಬದಲಿ ಅಧ್ಯಾಪಕ ಎಂಬ ಮಾತು ಇದ್ದೇ ಇದೆ. ಎಡಿಟ್ ಮಾಡುವಾಗ ಹಗುರದ ಬದಲಿ, ಕೊನೆಗೆ ಹೊರತೆಗೆಯುವಾಗ ಮೂಲ. ಚರ್ಚೆ ಬೇಡ ಅನಿಸುತ್ತದೆ. ಎಡಿಟ್ ಮುಗಿದದ್ದನ್ನು ಕೊನೆಯ ಫೈಲಾಗಿ ಹೊರತೆಗೆಯುವ ರೆಂಡರ್ ಕೂಡ ರೆಂಡರೇ. 'ರೆಂಡರಿಗೆ ಹಾಕಿದ್ದೇನೆ' ಎಂಬುದು ಎಷ್ಟು ಕನ್ನಡವಾಗಿದೆ ಎಂದರೆ ಅದನ್ನು ಕೆಣಕುವುದೇ ತಪ್ಪು.

ಕಂಪ್ಯಾಟಿಬಲ್ ಎನ್ನುವುದಕ್ಕೆ ಮಾತ್ರ ನಮ್ಮ ಊರಿನಲ್ಲಿ ಬಹಳ ಚೆಂದದ ಮಾತಿದೆ. 'ಹೊಂದಾಣಿಕೆಯಾಗುವ' ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಇಲ್ಲಿ ಜನ ಕೇಳುವುದು 'ಇದು ನಮ್ಮ ಟಿವಿಗೆ ಆಗ್ತದಾ?' ಅಂತ. ಬರೀ 'ಆಗು'. 'ನನಗೆ ಹಾಲು ಆಗುವುದಿಲ್ಲ', 'ಅವರಿಗೂ ಇವರಿಗೂ ಆಗುವುದಿಲ್ಲ' ಎನ್ನುವಾಗ ಬರುವ ಅದೇ 'ಆಗು'. ಯಾರಿಗೆ ಆಗುತ್ತದೆ ಎಂದು ಜೊತೆಗೇ ಹೇಳಬೇಕಾದ್ದರಿಂದ ವಿಷಯವೂ ಖಚಿತವಾಗುತ್ತದೆ. ಸುಮ್ನೆ 'ಕಂಪ್ಯಾಟಿಬಲ್ ಫೈಲು' ಎಂದರೆ ಯಾವುದರ ಜೊತೆ ಎಂಬುದು ಗಾಳಿಗೆ ಹೋಗುತ್ತದೆ. ಹೀಗಾಗಿ ಬರೆದಿದ್ದೇನೆ: 'ಎಂಪಿ4 ಪೆಟ್ಟಿಗೆ, ಒಳಗೆ ಎಚ್.264 ಚಿತ್ರ, ಎಎಸಿ ಧ್ವನಿ, ಇದು ಹೆಚ್ಚುಕಡಿಮೆ ಎಲ್ಲ ಟಿವಿಗೂ ಫೋನಿಗೂ ಆಗುತ್ತದೆ.' ಎಚ್.264 ಬಂದದ್ದು 2003ರಲ್ಲಿ, ಆದ್ದರಿಂದ ಹಳೆ ಟಿವಿಗಳಿಗೂ ಅದರ ಪರಿಚಯವಿದೆ. ಎಚ್.265 ಬಂದದ್ದು 2013ರಲ್ಲಿ. ಅದೇ ಗುಣಮಟ್ಟಕ್ಕೆ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೆ ಹಳೆ ಟಿವಿಗೆ ಆಗುವುದಿಲ್ಲ. ಐಫೋನುಗಳು 2017ರಿಂದ ಇದರಲ್ಲೇ ರೆಕಾರ್ಡ್ ಮಾಡಬಲ್ಲವು. ಅದಕ್ಕೇ 'ಗಲ್ಫಿನಿಂದ ಮಗ ಕಳಿಸಿದ ವಿಡಿಯೋ ಟಿವಿಯಲ್ಲಿ ಬರುವುದಿಲ್ಲ' ಎಂಬ ದೂರು.

ಪೆನ್‌ಡ್ರೈವಿನದು ಬೇರೆಯೇ ಕಥೆ. ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ ಎಫ್ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲು ಅದರಲ್ಲಿ ಕೂರುವುದಿಲ್ಲ. ಡ್ರೈವು 64 ಜಿಬಿ ಇದ್ದರೂ ಅಷ್ಟೇ. ಇಲ್ಲಿ ಕನ್ವರ್ಟ್ ಮಾಡುವ ಪ್ರಶ್ನೆಯೇ ಇಲ್ಲ, ತುಂಡು ಮಾಡಿದರೆ ಆಯಿತು. ಇದನ್ನೂ 'ಫೈಲು ಕನ್ವರ್ಟ್ ಆಗಿಲ್ಲ' ಎಂದೇ ಹೇಳುತ್ತಾರೆ ನೋಡಿ.

ಇನ್ನೊಂದು ಪದ ಬಾಕಿ. ಹಳೆಯ ಮಿನಿಡಿವಿ ಟೇಪುಗಳಲ್ಲಿ ಚಿತ್ರ ಇಂಟರ್‌ಲೇಸ್ ಆಗಿರುತ್ತದೆ. ಸೆಕೆಂಡಿಗೆ 50 ಅರೆಚಿತ್ರ. ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸರಿ ಗೆರೆಗಳು. ಕಂಪ್ಯೂಟರಿನಲ್ಲಿ ನೋಡಿದರೆ ಧಿಗಿಣ (ಯಕ್ಷಗಾನದ ಸುತ್ತುಜಿಗಿತ) ಹಾರುವಾಗ ವೇಷದ ಅಂಚೆಲ್ಲ ಗೆರೆಗೆರೆಯಾಗಿ ಸೀಳಿದಂತೆ ಕಾಣುತ್ತದೆ. 'ಗೆರೆ ಬಿಟ್ಟು ಗೆರೆ' ಎಂದು ವಿವರಿಸಬಹುದು, ಆದರೆ ಅದನ್ನು ಸರಿಪಡಿಸುವ ಕೆಲಸಕ್ಕೆ ಏನನ್ನೋಣ? 'ಗೆರೆ ಕೂಡಿಸುವುದು'? ಇದಕ್ಕಿಂತ ಚೆನ್ನಾದದ್ದು ಇದ್ದರೆ ಕೊಡಿ.

ಅಂದಹಾಗೆ, ನಮ್ಮ ಕಡೆಯ ಹೊಸ ಪದಗಳು ಬರುವ ದಾರಿ ಸ್ವಲ್ಪ ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಮಾತು ಮಲಯಾಳದ ಮೂಲಕ ಬಂತು, ಪೇಟೆಯ ಮಾತು ಮಂಗಳೂರಿನಿಂದ ಬಂತು. ಬೆಂಗಳೂರಿನವರು ಕಟ್ಟಿದ ಕಂಪ್ಯೂಟರ್ ಪದಗಳು ಇಲ್ಲಿಗೆ ತಲುಪುವ ಹೊತ್ತಿಗೆ ಜನ ಬೇರೇನೋ ಹೇಳಲು ಶುರುಮಾಡಿರುತ್ತಾರೆ. ಅದಕ್ಕೇ ಉಳಿದ ಗಡಿಗಳ ಮಾತು ತಿಳಿಯುವ ಆಸೆ. ಹೊಸೂರು, ಅಕ್ಕಲಕೋಟೆ, ಮಡಕಶಿರಾ ಕಡೆಯ ಗೆಳೆಯರೇ, ನಿಮ್ಮ ಮದುವೆ ವಿಡಿಯೋದವರು, ಜಾತ್ರೆ ರೆಕಾರ್ಡ್ ಮಾಡುವವರು ಪೆಟ್ಟಿಗೆ ಬದಲಿಸುವುದಕ್ಕೂ ಮರು ಅಡಕಕ್ಕೂ ಬೇರೆ ಬೇರೆ ಮಾತು ಬಳಸುತ್ತಾರಾ? ಮರಾಠಿ, ತೆಲುಗು, ತಮಿಳಿನಿಂದ ಬಂದದ್ದಾದರೂ ಪರವಾಗಿಲ್ಲ, ಜನ ನಿಜವಾಗಿ ಹೇಳುವ ಮಾತನ್ನೇ ಬರೆಯಿರಿ. ಚಿತ್ರ ಹಾಗೇ ಇಟ್ಟು ಧ್ವನಿ ಮಾತ್ರ ಬದಲಿಸುವ ಆ ಅರೆಬರೆ ಕೆಲಸಕ್ಕೂ ಒಂದು ಹೆಸರು ಸಿಕ್ಕಿದರೆ ನನ್ನ ಎರಡು ಪುಟವನ್ನು ಅಚ್ಚಿಗೆ ಕೊಡಬಹುದು.