ಬೋನ್ ಸ್ಕ್ಯಾನ್‌ನಲ್ಲಿ ಬದಲಾಯಿಸಿದ ಸೊಂಟದ ಕೀಲಿನ ಸುತ್ತ ಕಪ್ಪಾಗಿದೆ, ಇನ್ಫೆಕ್ಷನ್ ಅಂತಲೇ ಅರ್ಥನಾ?

ತೋಟದಮನೆ, ಸೋಮವಾರಪೇಟೆ:
ಅಮ್ಮನಿಗೆ 68 ವರ್ಷ. ಕಾಫಿ ಕಣದಲ್ಲಿ ಜಾರಿ ಬಿದ್ದು ಸೊಂಟದ ಕೀಲು ಬದಲಾಯಿಸಿ 9 ತಿಂಗಳಾಯಿತು. ಚೆನ್ನಾಗಿಯೇ ಓಡಾಡುತ್ತಿದ್ದರು, ಮಳೆ ಹಿಡಿದ ಮೇಲೆ ತೊಡೆಸಂದಿನಲ್ಲಿ ನೋವು ಶುರುವಾಗಿದೆ. ಜ್ವರ ಇಲ್ಲ, ಹೊಲಿಗೆ ಹಾಕಿದ ಜಾಗ ಒಣಗಿದೆ. ಎಕ್ಸ್‌ರೇ ಸರಿ ಇದೆ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಮಾತ್ರ ಸ್ವಲ್ಪ ಜಾಸ್ತಿ. ಮೈಸೂರಿನಲ್ಲಿ ಬೋನ್ ಸ್ಕ್ಯಾನ್ ಮಾಡಿಸಿದರೆ ಕೀಲಿನ ಸುತ್ತ ಕಪ್ಪಾಗಿ ಬಂದಿದೆ. ನೆಂಟರೊಬ್ಬರು ಇನ್ಫೆಕ್ಷನ್ನೇ, ಕೀಲು ತೆಗೆಯಲೇಬೇಕು ಅಂದುಬಿಟ್ಟರು. ಅವತ್ತಿನಿಂದ ಅಮ್ಮ ಮೆಟ್ಟಿಲು ಇಳಿಯುವಾಗಲೆಲ್ಲ ಸೊಂಟದ ಮೇಲೆ ಕೈ ಇಟ್ಟುಕೊಂಡು, ಇದನ್ನ ತೆಗೀತಾರಾ ಅಂತ ಕೇಳುತ್ತಾರೆ.

ಮಡಿಕೇರಿ ಹುಡುಗಿ:
ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಕ್ಕ, ಅಮ್ಮನಿಗೆ ಮೊದಲು ಧೈರ್ಯ ಹೇಳಿ. ಟೆಕ್ನೀಷಿಯಂ ಅನ್ನೋ ವಿಕಿರಣ ವಸ್ತು ಸೇರಿಸಿ ಸ್ಕ್ಯಾನ್‌ಗೆ ಮೊದಲು ಕೊಡುವ ಆ ಇಂಜೆಕ್ಷನ್ ಮೂಳೆ ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಕಡೆಗೆಲ್ಲ ಹೋಗಿ ಸೇರುತ್ತದೆ. ಕೀಲು ಹಾಕಿದ ಮೇಲೆ ಒಂದು ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ ಕಾಲ, ಸುತ್ತಲಿನ ಮೂಳೆ ಈ ಕೆಲಸದಲ್ಲೇ ಇರುತ್ತದೆ. 9 ತಿಂಗಳಿಗೆ ಕಪ್ಪಾಗಿ ಕಂಡರೆ ಅಷ್ಟರಿಂದಲೇ ಇನ್ಫೆಕ್ಷನ್ ಅನ್ನಲು ಆಗುವುದಿಲ್ಲ. ಸ್ಕ್ಯಾನ್ ನಾರ್ಮಲ್ ಬಂದಿದ್ದರೆ ಇನ್ಫೆಕ್ಷನ್ ಇರುವ ಸಾಧ್ಯತೆ ಬಹಳ ಕಡಿಮೆ ಅನ್ನಬಹುದಿತ್ತು, ಆ ಸ್ಕ್ಯಾನ್‌ನ ದೊಡ್ಡ ಉಪಯೋಗ ಅದೇ.

ಬಿಳಿ ರಕ್ತಕಣದ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಆ ಕಣಗಳು ಸೋಂಕಿರುವ ಕಡೆ ಸೇರುತ್ತವೆ. ಆದರೆ ಮೂಳೆಯೊಳಗಿನ ಮಾಮೂಲಿ ಮಜ್ಜೆಯಲ್ಲೂ ಸೇರುತ್ತವೆ, ಆಪರೇಷನ್‌ನಲ್ಲಿ ಮಜ್ಜೆ ಆಚೀಚೆ ಸರಿದಿರುತ್ತದೆ ಬೇರೆ. ಅದಕ್ಕೇ ಮಜ್ಜೆಯನ್ನು ಮಾತ್ರ ತೋರಿಸುವ ಇನ್ನೊಂದು ಸ್ಕ್ಯಾನನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಮಜ್ಜೆ ಇಲ್ಲದ ಜಾಗದಲ್ಲಿ ಬಿಳಿ ಕಣ ಕೂತಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ವಿರಾಜಪೇಟೆಯಿಂದ:
ನಮ್ಮ ಅಪ್ಪನಿಗೂ ಇದೇ ಆಗಿತ್ತು. ಅಕ್ಕ, ಕೀಲಿನಿಂದ ಸೂಜಿ ಹಾಕಿ ನೀರು ತೆಗೆದು ಟೆಸ್ಟ್ ಮಾಡುವವರೆಗೆ ಸುಮ್ನೆ ಆಂಟಿಬಯಾಟಿಕ್ ಕೊಡಬೇಡಿ. ನಾವು ಮೆಡಿಕಲ್ ಶಾಪಿನಿಂದ ತಂದು 5 ದಿನ ನುಂಗಿಸಿದ್ದೆವು, ಆ ನೀರಿನಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ಟೆಸ್ಟ್‌ನಲ್ಲಿ ಏನೂ ಬೆಳೆಯಲಿಲ್ಲ. ಮಾತ್ರೆ ನಿಲ್ಲಿಸಿ 2 ವಾರ ಕಾದು ಮತ್ತೆ ಸೂಜಿ ಹಾಕಿಸಬೇಕಾಯಿತು, ಪಾಪ, ಅಪ್ಪ ಹಲ್ಲು ಕಚ್ಚಿಕೊಂಡು ಮಲಗಿದ್ದರು. ಬಿಳಿ ಕಣದ ಸ್ಕ್ಯಾನ್‌ಗೆ ಕೈಯಿಂದ ರಕ್ತ ತೆಗೆದುಕೊಂಡು ಹೋಗಿ, ಕೆಲವು ಗಂಟೆ ಬಿಟ್ಟು ಅದರ ಕಣಗಳನ್ನೇ ವಾಪಸ್ ಹಾಕಿದರು. ಸಂಜೆ ಒಂದು ಸಲ, ಮಾರನೇ ದಿನ ಒಂದು ಸಲ ಫೋಟೋ. ರಾತ್ರಿ ಉಳಿಯುವ ತಯಾರಿಯಲ್ಲೇ ಹೋಗಿ.

ತೋಟದಮನೆ, ಸೋಮವಾರಪೇಟೆ:
ಮನೆಯಲ್ಲಿ 7 ತಿಂಗಳ ಮಗು ಇದೆ, ಸ್ಕ್ಯಾನ್‌ನ ವಿಕಿರಣದಿಂದ ತೊಂದರೆ ಇಲ್ವಾ? ಪೆಟ್ ಸ್ಕ್ಯಾನ್ ಇನ್ನೂ ಒಳ್ಳೆಯದು ಅಂತಾರಲ್ಲ?

ಮಡಿಕೇರಿ ಹುಡುಗಿ:
ಟೆಕ್ನೀಷಿಯಂನ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಮ್ಮ ಜಾಸ್ತಿ ನೀರು ಕುಡಿಯಲಿ, ಆ ದಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡ. ಬೇರೆ ಔಷಧಿ ಹಾಕಿದರೆ ಎಷ್ಟು ದಿನ ಅಂತ ಅಲ್ಲೇ ಕೇಳಿ. ಪೆಟ್‌ನಲ್ಲಿ ಕೀಲು ಸಡಿಲವಾಗಿ ಉರಿಯೂತ ಬಂದಿದ್ದರೂ ಹೊಳೆಯುತ್ತದೆ, ಅದೊಂದನ್ನೇ ನಂಬಲಾಗದು. ಚಳಿಜ್ವರ ಬಂದರೆ, ಹೊಲಿಗೆ ಜಾಗದಲ್ಲಿ ಕೀವು ಸುರಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ತೋಟದಮನೆ, ಸೋಮವಾರಪೇಟೆ:
ನಿನ್ನೆ ಆ ನೆಂಟರು ಕೊಟ್ಟುಹೋದ ಮಾತ್ರೆಯ ಶೀಟು ಇನ್ನೂ ಒಡೆದಿರಲಿಲ್ಲ. ಅಮ್ಮನ ಡಬ್ಬಿಯಿಂದ ಈಗಷ್ಟೇ ತೆಗೆದಿಟ್ಟೆ. ಸೋಮವಾರ ಸರ್ಜನ್ ಸಿಗುತ್ತಾರೆ, ಮೊದಲು ಸೂಜಿ ಟೆಸ್ಟಿನ ವಿಷಯವೇ ಕೇಳುತ್ತೇನೆ.